ಹಿರಿಯರ ಮಾತ್ರೆ ಡಬ್ಬಿ ಮತ್ತು ಮರೆವು: ಎಲ್ಲಿ ಎಚ್ಚರ ಬೇಕು, ಎಲ್ಲಿ ಭಯ ಬೇಡ

"ಈ ಮಾತ್ರೆ ತಿಂದರೆ ಡಿಮೆನ್ಷಿಯಾ ಬರುತ್ತದೆ" ಎಂಬ ತಲೆಬರಹ ಆಗಾಗ ಕಣ್ಣಿಗೆ ಬೀಳುತ್ತದೆ. ಒಮ್ಮೆ ನಿದ್ರೆ ಮಾತ್ರೆಯ ಮೇಲೆ ಆರೋಪ, ಇನ್ನೊಮ್ಮೆ ಗ್ಯಾಸ್ಟ್ರಿಕ್ ಮಾತ್ರೆಯ ಮೇಲೆ, ಮತ್ತೊಮ್ಮೆ ಕೊಲೆಸ್ಟರಾಲ್ ಮಾತ್ರೆಯ ಮೇಲೆ. ಓದಿದ ಕೆಲವರು ಹೆದರಿ ಅವತ್ತೇ ಮಾತ್ರೆ ಬಿಟ್ಟುಬಿಡುತ್ತಾರೆ. ಕೆಲವರು ಎಲ್ಲವೂ ಬರೀ ಗಾಳಿಸುದ್ದಿ ಎಂದು ತಳ್ಳಿಹಾಕುತ್ತಾರೆ. ಎರಡರಲ್ಲೂ ಅಪಾಯವಿದೆ, ಮೊದಲನೆಯದರಲ್ಲಿ ಹೆಚ್ಚು.

ಈ ಗೊಂದಲಕ್ಕೆ ಕಾರಣ, ಮೂರು ಬೇರೆ ಬೇರೆ ಸಂಗತಿಗಳು ಒಂದೇ ಹೆಸರಿನಲ್ಲಿ ಓಡಾಡುತ್ತಿರುವುದು. ಮೊದಲನೆಯದು, ಮಾತ್ರೆ ತೆಗೆದುಕೊಳ್ಳುತ್ತಿರುವಷ್ಟು ದಿನ ಬುದ್ಧಿ ಮಂಕಾಗಿರುವುದು. ಹೆಸರು ನೆನಪಾಗುವುದಿಲ್ಲ, ಮಾತಿನ ಎಳೆ ತಪ್ಪುತ್ತದೆ, ಬೆಳಗ್ಗೆ ಹತ್ತಾದರೂ ತಲೆ ತಿಳಿಯಾಗುವುದಿಲ್ಲ. ಎರಡನೆಯದು ಡೆಲಿರಿಯಂ, ಹಳಬರು ಸನ್ನಿ ಎನ್ನುತ್ತಿದ್ದುದು. ನಿನ್ನೆಯವರೆಗೆ ಸರಿಯಾಗಿದ್ದವರು ಇವತ್ತು ದಿನ, ಜಾಗ ಗೊತ್ತಾಗದೆ ಏನೇನೋ ಮಾತಾಡುವುದು. ಮೂರನೆಯದು, ಎಷ್ಟೋ ವರ್ಷಗಳ ನಂತರ ನಿಜವಾದ ಡಿಮೆನ್ಷಿಯಾ, ಅಂದರೆ ನೆನಪು ಮತ್ತು ಅರಿವು ಕ್ರಮೇಣ ಕುಂದುತ್ತ ಹೋಗುವ ಕಾಯಿಲೆ, ಬರುವ ಸಾಧ್ಯತೆ ಹೆಚ್ಚುವುದು. ಮೊದಲ ಎರಡನ್ನು ಕೆಲವು ಔಷಧಿಗಳು ಖಂಡಿತ ಮಾಡುತ್ತವೆ, ಅದರಲ್ಲಿ ಅನುಮಾನವಿಲ್ಲ. ಸಕಾಲಕ್ಕೆ ಗುರುತಿಸಿದರೆ ಅವು ಬಹುಮಟ್ಟಿಗೆ ವಾಪಸ್ಸಾಗುತ್ತವೆ ಕೂಡ. ಮೂರನೆಯದರಲ್ಲಿ ಇರುವುದು ಸಂಬಂಧದ ಸುಳಿವುಗಳು. ಕೆಲವು ಗಟ್ಟಿ, ಕೆಲವು ಪೊಳ್ಳು. ಪತ್ರಿಕೆಗಳು ಬರೆಯುವುದು ಮೂರನೆಯದರ ಬಗ್ಗೆ, ಮನೆಯಲ್ಲಿ ದಿನವೂ ನಡೆಯುತ್ತಿರುವುದು ಮೊದಲನೆಯದು.

ಅಸಿಟೈಲ್‌ಕೋಲಿನ್‌ಗೆ ಅಡ್ಡಗಾಲು

ಮೆದುಳಿನಲ್ಲಿ ನೆನಪು ಮತ್ತು ಗಮನಕ್ಕೆ ಬೇಕಾದ ರಾಸಾಯನಿಕಗಳಲ್ಲಿ ಅಸಿಟೈಲ್‌ಕೋಲಿನ್ ಮುಖ್ಯವಾದದ್ದು. ಡಿಮೆನ್ಷಿಯಾಗಳಲ್ಲಿ ಹೆಚ್ಚು ಸಾಮಾನ್ಯವಾದ ಅಲ್ಝೈಮರ್ ಕಾಯಿಲೆಯಲ್ಲಿ ಇದನ್ನು ತಯಾರಿಸುವ ನರಕೋಶಗಳೇ ಬೇಗ ಸಾಯತೊಡಗುತ್ತವೆ. ಆ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಮಾಡುವ ಕೆಲಸವೂ ಇಷ್ಟೇ: ಉಳಿದಿರುವ ಅಸಿಟೈಲ್‌ಕೋಲಿನ್ ಬೇಗ ಒಡೆದುಹೋಗದಂತೆ ತಡೆಯುವುದು.

ಇದೇ ರಾಸಾಯನಿಕ ಮೆದುಳಿನ ಹೊರಗೂ ದುಡಿಯುತ್ತದೆ. ಬಾಯಲ್ಲಿ ಜೊಲ್ಲು ಸುರಿಸುತ್ತದೆ, ಕರುಳನ್ನು ಮುಂದಕ್ಕೆ ತಳ್ಳಿಸುತ್ತದೆ, ಮೂತ್ರಕೋಶವನ್ನು ಹಿಂಡಿಸುತ್ತದೆ, ಹತ್ತಿರದ ಅಕ್ಷರ ಓದಲು ಕಣ್ಣಿನ ಮಸೂರವನ್ನು ಹೊಂದಿಸುತ್ತದೆ. ಮೂತ್ರಕೋಶ ಅತಿಯಾಗಿ ಹಿಂಡುತ್ತಿದ್ದರೆ ಅದನ್ನು ತಡೆಯಲು ಕೊಡುವ ಔಷಧಿ, ಅಸಿಟೈಲ್‌ಕೋಲಿನ್ ಕೂರಬೇಕಾದ ಜಾಗದಲ್ಲಿ ಕೆಲಹೊತ್ತು ತಾನು ಕೂತು ಅದನ್ನು ತಡೆಯುತ್ತದೆ. ಇಂಥ ಔಷಧಿಗಳಿಗೆ ಆಂಟಿಕೋಲಿನರ್ಜಿಕ್ ಎನ್ನುತ್ತಾರೆ. ತೊಂದರೆ ಏನೆಂದರೆ, ಮೂತ್ರಕೋಶಕ್ಕೆಂದು ನುಂಗಿದ ಮಾತ್ರೆಗೆ ಮೂತ್ರಕೋಶದ ವಿಳಾಸ ಮಾತ್ರ ಗೊತ್ತಿರುವುದಿಲ್ಲ. ರಕ್ತ ಹರಿಯುವಲ್ಲೆಲ್ಲ ಹೋಗುತ್ತದೆ, ಮೆದುಳಿಗೂ ಹೋಗುತ್ತದೆ.

ಆದ್ದರಿಂದಲೇ ಇವುಗಳ ಗುರುತುಗಳು ಗುಂಪಾಗಿ ಬರುತ್ತವೆ. ಬಾಯಿ ಒಣಗುವುದು, ಮಲಬದ್ಧತೆ, ಹತ್ತಿರದ ಅಕ್ಷರ ಮಸುಕಾಗುವುದು, ಮೂತ್ರ ಸಲೀಸಾಗಿ ಹೋಗದಿರುವುದು, ಜೊತೆಗೆ ಮಂಕು. ಹಿರಿಯರೊಬ್ಬರಿಗೆ ಮರೆವು ಹೆಚ್ಚಾಗಿದೆ ಎನಿಸಿದಾಗ ಕೇಳಬೇಕಾದ ಮೊದಲ ಪ್ರಶ್ನೆಗಳಲ್ಲಿ ಒಂದು, "ಬಾಯಿ ಒಣಗುತ್ತಾ? ಹೊಟ್ಟೆ ಸರಿಯಾಗಿ ಹೋಗುತ್ತಾ?" ಎಂಬುದು. ಬಾಯಿ ಮತ್ತು ಮರೆವು ಎರಡೂ ಒಂದೇ ತಿಂಗಳಲ್ಲಿ ಕೆಟ್ಟಿದ್ದರೆ, ಆ ತಿಂಗಳು ಯಾವ ಹೊಸ ಮಾತ್ರೆ ಶುರುವಾಯಿತು ಎಂದು ನೋಡಬೇಕು.

ಇದೇ ಮಾತ್ರೆ 30 ವರ್ಷದವರಿಗೆ ಏನೂ ಮಾಡದೆ 75 ದಾಟಿದವರನ್ನು ಕೆಡಹುವುದಕ್ಕೆ ಕಾರಣಗಳಿವೆ. ವಯಸ್ಸಾದಂತೆ ಅಸಿಟೈಲ್‌ಕೋಲಿನ್ ದಾಸ್ತಾನು ಮೊದಲೇ ಕಡಿಮೆಯಾಗಿರುತ್ತದೆ. ರಕ್ತದಿಂದ ಮೆದುಳಿಗೆ ಏನು ಹೋಗಬೇಕು, ಏನು ಬೇಡ ಎಂದು ಕಾಯುವ ಗೋಡೆ ಸಡಿಲವಾಗಿರುತ್ತದೆ. ಮೂತ್ರಪಿಂಡ, ಯಕೃತ್ತು ಔಷಧಿಯನ್ನು ಹೊರಹಾಕುವ ವೇಗ ಇಳಿದಿರುತ್ತದೆ. ಮೈಯಲ್ಲಿ ನೀರಿನ ಪಾಲು ಕಡಿಮೆಯಾಗಿ ಕೊಬ್ಬಿನ ಪಾಲು ಹೆಚ್ಚಿರುವುದರಿಂದ ಡಯಾಜಿಪಾಮ್‌ನಂಥ ಕೊಬ್ಬಿನಲ್ಲಿ ಕರಗುವ ಔಷಧಿ ಅಲ್ಲೇ ಅವಿತು ಕೂರುತ್ತದೆ. ರಾತ್ರಿ ನುಂಗಿದ್ದು ಮರುದಿನವಿಡೀ ರಕ್ತದಲ್ಲಿರುತ್ತದೆ. ಅದರ ಮೇಲೆ ಮರುರಾತ್ರಿಯದು ಸೇರುತ್ತದೆ.

ಎಲ್ಲೆಲ್ಲಿ ಅಡಗಿರುತ್ತವೆ

ಆಂಟಿಕೋಲಿನರ್ಜಿಕ್ ಎಂದು ಪಟ್ಟಿಯ ಮೇಲೆ ಬರೆದಿರುವುದಿಲ್ಲ. ಅವು ಬರುವುದು ಬೇರೆ ಬೇರೆ ಕಾಯಿಲೆಗಳ ಹೆಸರಿನಲ್ಲಿ. ಮೂತ್ರ ತಡೆಯಲಾಗದ ತೊಂದರೆಗೆ ಆಕ್ಸಿಬ್ಯುಟಿನಿನ್, ಟಾಲ್ಟೆರೋಡಿನ್, ಸೋಲಿಫೆನಾಸಿನ್. ನರದ ನೋವು, ತಲೆನೋವು, ಖಿನ್ನತೆಗೆ ಅಮಿಟ್ರಿಪ್ಟಿಲಿನ್, ಇಮಿಪ್ರಮಿನ್, ಡಾಕ್ಸೆಪಿನ್. ಹೊಸ ತಲೆಮಾರಿನ ಖಿನ್ನತೆ ಔಷಧಿಗಳಲ್ಲಿ ಪ್ಯಾರಾಕ್ಸೆಟಿನ್. ಕೈ ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್. ಹೊಟ್ಟೆ ನುಲಿತಕ್ಕೆ ಡೈಸೈಕ್ಲೋಮಿನ್. ಮನೋರೋಗದ ಔಷಧಿಗಳಲ್ಲಿ ಕ್ಲೋಝಪಿನ್, ಓಲಾಂಝಪಿನ್.

ಇವೆಲ್ಲ ಚೀಟಿಯಲ್ಲಿ ದಾಖಲಾಗುವಂಥವು. ಲೆಕ್ಕಕ್ಕೇ ಸಿಗದಿರುವುದು ಅಲರ್ಜಿ, ನೆಗಡಿ, ತುರಿಕೆ, ಪ್ರಯಾಣದ ವಾಂತಿಗೆ ತಾವೇ ಅಂಗಡಿಯಿಂದ ತಂದುಕೊಳ್ಳುವ ಮಾತ್ರೆಗಳು. ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್, ಹೈಡ್ರಾಕ್ಸಿಝಿನ್, ಪ್ರೊಮೆಥಝಿನ್ ಈ ಗುಂಪಿನವು. ನೆಗಡಿ ಮಾತ್ರೆಯ ಪಟ್ಟಿ ತಿರುಗಿಸಿ ನೋಡಿದರೆ ಪ್ಯಾರಾಸಿಟಮಾಲ್ ಜೊತೆ ಸಣ್ಣ ಅಕ್ಷರದಲ್ಲಿ ಕ್ಲೋರ್‌ಫೆನಿರಮಿನ್ ಎಂದಿರುತ್ತದೆ. ರಾತ್ರಿಗೆಂದು ಮಾರುವ ನೋವಿನ ಮಾತ್ರೆಗಳಲ್ಲಿ, ನಿದ್ರೆ ತರಿಸುವ ಸಿರಪ್‌ಗಳಲ್ಲಿ ಡೈಫೆನ್‌ಹೈಡ್ರಮಿನ್ ಇರುವುದುಂಟು. ಮೂರು ದಿನದ ನೆಗಡಿಗೆ ತೆಗೆದುಕೊಂಡರೆ ಡಿಮೆನ್ಷಿಯಾ ಬರುವುದಿಲ್ಲ. ಆದರೆ ಮೊದಲೇ ನೆನಪು ದುರ್ಬಲವಾಗಿರುವವರಿಗೆ, ಪ್ರೋಸ್ಟೇಟ್ ದೊಡ್ಡದಾಗಿರುವವರಿಗೆ ಆ ಮೂರೇ ದಿನ ಸಾಕು, ಸನ್ನಿಗೂ ಮೂತ್ರ ಕಟ್ಟಿಕೊಳ್ಳುವುದಕ್ಕೂ.

ಹೊರೆಯ ಲೆಕ್ಕ

ಒಂದೊಂದು ಮಾತ್ರೆಯನ್ನೂ ಬಿಡಿಯಾಗಿ ನೋಡಿದರೆ ಯಾವುದೂ ದೊಡ್ಡದಲ್ಲ. ಕೂಡಿಸಿದಾಗಲೇ ನಿಜ ಕಾಣುವುದು. ಅದಕ್ಕಾಗಿ 2008ರಲ್ಲಿ ಮಲಾಝ್ ಬೂಸ್ತಾನಿ ಮತ್ತು ಜೊತೆಗಾರರು ಆಂಟಿಕೋಲಿನರ್ಜಿಕ್ ಹೊರೆಯ ಅಳತೆಪಟ್ಟಿಯೊಂದನ್ನು ಮುಂದಿಟ್ಟರು. ಪ್ರಯೋಗಾಲಯದಲ್ಲಿ ಮಾತ್ರ ಅಲ್ಪ ಪರಿಣಾಮ ಕಂಡಿದ್ದರೆ 1 ಅಂಕ, ರೋಗಿಯಲ್ಲಿ ಪರಿಣಾಮ ಕಾಣುವಂಥದ್ದಾದರೆ 2 ಅಥವಾ 3. ಎಲ್ಲ ಮಾತ್ರೆಗಳ ಮೊತ್ತ 3 ಅಥವಾ ಹೆಚ್ಚಾದರೆ ಪರಿಶೀಲನೆ ಬೇಕು.

ಒಂದು ಡಬ್ಬಿಯನ್ನು ಬಿಚ್ಚಿ ಲೆಕ್ಕ ಹಾಕೋಣ. ಕಾಲು ಉರಿಗೆ ರಾತ್ರಿ ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ: 3. ಮೂತ್ರದ ಅವಸರಕ್ಕೆ ಆಕ್ಸಿಬ್ಯುಟಿನಿನ್ 5 ಮಿ.ಗ್ರಾಂ ದಿನಕ್ಕೆರಡು ಸಲ: 3. ಕಾಲಿನ ಊತಕ್ಕೆ ಫ್ಯುರೋಸೆಮೈಡ್: 1. ತುರಿಕೆಗೆ ಕ್ಲೋರ್‌ಫೆನಿರಮಿನ್ 4 ಮಿ.ಗ್ರಾಂ: 3. ಮೊತ್ತ 10. ನಾಲ್ಕನ್ನೂ ಒಬ್ಬರೇ ವೈದ್ಯರು ಬರೆದಿರುವುದಿಲ್ಲ. ನರರೋಗದವರು ಒಂದು, ಮೂತ್ರರೋಗದವರು ಒಂದು, ಹೃದಯದವರು ಒಂದು ಬರೆದಿರುತ್ತಾರೆ. ನಾಲ್ಕನೆಯದನ್ನು ಯಾರೂ ಬರೆದಿರುವುದಿಲ್ಲ. ಪ್ರತಿಯೊಬ್ಬರ ಚೀಟಿಯೂ ಅವರವರ ಮಟ್ಟಿಗೆ ಸರಿಯಾಗಿಯೇ ಇರುತ್ತದೆ.

ಈ ಅಳತೆಪಟ್ಟಿಯನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ಅದು ಡೋಸ್ ನೋಡುವುದಿಲ್ಲ, 10 ಮಿ.ಗ್ರಾಂ ಅಮಿಟ್ರಿಪ್ಟಿಲಿನ್‌ಗೂ 75ಕ್ಕೂ ಅದೇ 3. ಫ್ಯುರೋಸೆಮೈಡ್, ವಾರ್ಫರಿನ್, ಮೆಟೊಪ್ರೊಲಾಲ್‌ನಂಥ ಜೀವ ಉಳಿಸುವ ಔಷಧಿಗಳಿಗೂ 1 ಅಂಕ ಬರೆದಿದೆ. ಬೇರೆಯವರು ಮಾಡಿದ ಪಟ್ಟಿಗಳಲ್ಲಿ ಅದೇ ಔಷಧಿಗೆ ಬೇರೆ ಅಂಕ ಇರುತ್ತದೆ. 3 ಅಂಕದವುಗಳ ಮೇಲೆ ಕಣ್ಣಿಡಿ, 1 ಅಂಕದ ಹೃದಯದ ಮಾತ್ರೆಯ ತಂಟೆಗೆ ಹೋಗಬೇಡಿ.

ಅಧ್ಯಯನಗಳು ನಿಜಕ್ಕೂ ಏನು ಹೇಳಿದವು

ಹೆಚ್ಚು ಚರ್ಚೆಯಾದದ್ದು 2015ರಲ್ಲಿ ಶೆಲ್ಲಿ ಗ್ರೇ ಮತ್ತು ತಂಡ ಅಮೆರಿಕದ ಸಿಯಾಟಲ್‌ನಿಂದ ಪ್ರಕಟಿಸಿದ ಅಧ್ಯಯನ. 65 ದಾಟಿದ, ಡಿಮೆನ್ಷಿಯಾ ಇಲ್ಲದ 3,434 ಜನರನ್ನು ಸರಾಸರಿ 7.3 ವರ್ಷ ಗಮನಿಸಿದರು. 797 ಜನರಿಗೆ ಡಿಮೆನ್ಷಿಯಾ ಬಂತು. ಅತಿ ಹೆಚ್ಚು ಆಂಟಿಕೋಲಿನರ್ಜಿಕ್ ಸೇವಿಸಿದ ಗುಂಪಿನಲ್ಲಿ ಅಪಾಯ, ಏನೂ ಸೇವಿಸದವರಿಗಿಂತ 1.54 ಪಟ್ಟು.

"ಅತಿ ಹೆಚ್ಚು" ಎಂದರೆ ಎಷ್ಟು ಎಂಬುದನ್ನು ಸುದ್ದಿಗಳು ಹೇಳುವುದಿಲ್ಲ, ತಿಳಿಯಬೇಕಾದದ್ದು ಅದನ್ನೇ. ಅವರು ಪ್ರತಿ ಔಷಧಿಗೂ ಹಿರಿಯರಿಗೆ ಕೊಡುವ ಕನಿಷ್ಠ ಪರಿಣಾಮಕಾರಿ ದಿನದ ಡೋಸನ್ನು ಒಂದು ಘಟಕವೆಂದು ಹಿಡಿದರು. ಆಕ್ಸಿಬ್ಯುಟಿನಿನ್ 5 ಮಿ.ಗ್ರಾಂ, ಕ್ಲೋರ್‌ಫೆನಿರಮಿನ್ 4 ಮಿ.ಗ್ರಾಂ, ಡಾಕ್ಸೆಪಿನ್ 10 ಮಿ.ಗ್ರಾಂ, ತಲಾ ಒಂದು ಘಟಕ. ಹತ್ತು ವರ್ಷದಲ್ಲಿ ಕೂಡಿದ ಘಟಕಗಳು 1,095 ದಾಟಿದವರು ಮೇಲಿನ ಗುಂಪು. 1,095 ಎಂದರೆ 365ನ್ನು ಮೂರರಿಂದ ಗುಣಿಸಿದ್ದು, ಅಂದರೆ ದಿನಕ್ಕೊಂದು ಘಟಕದಂತೆ ಮೂರು ವರ್ಷ. ಮೇಲಿನ ಡಬ್ಬಿಯ ಆಕ್ಸಿಬ್ಯುಟಿನಿನ್ ದಿನಕ್ಕೆ 10 ಮಿ.ಗ್ರಾಂ, ಎರಡು ಘಟಕ. ಅದೊಂದರಿಂದಲೇ ಒಂದೂವರೆ ವರ್ಷಕ್ಕೆ ಗೆರೆ ಮುಟ್ಟುತ್ತದೆ. ದಿನಾ ಒಂದು ಕ್ಲೋರ್‌ಫೆನಿರಮಿನ್ ಸೇರಿಸಿದರೆ ಸರಿಯಾಗಿ ಒಂದು ವರ್ಷ.

2019ರಲ್ಲಿ ಕ್ಯಾರಲ್ ಕೂಪ್‌ಲ್ಯಾಂಡ್ ತಂಡ ಬ್ರಿಟನ್ನಿನ ದಾಖಲೆಗಳಲ್ಲಿ ಡಿಮೆನ್ಷಿಯಾ ಇದ್ದ 58,769 ಜನರನ್ನು, ಇಲ್ಲದ 2,25,574 ಜನರ ಜೊತೆ ಹೋಲಿಸಿ ನೋಡಿತು. ಅತಿ ಹೆಚ್ಚು ಸೇವಿಸಿದವರಲ್ಲಿ ಸಂಭವ 1.49 ಪಟ್ಟು ಬಂತು, ಹಿಂದಿನದಕ್ಕೆ ಹತ್ತಿರವೇ. ಆದರೆ ಬಿಡಿಸಿ ನೋಡಿದಾಗ ಎಲ್ಲ ಆಂಟಿಕೋಲಿನರ್ಜಿಕ್‌ಗಳೂ ಒಂದೇ ಅಲ್ಲ ಎಂದು ಗೊತ್ತಾಯಿತು. ಮೂತ್ರಕೋಶದವು, ಪಾರ್ಕಿನ್‌ಸನ್‌ಗೆ ಕೊಡುವವು, ಮನೋರೋಗದವು, ಖಿನ್ನತೆಯವು, ಅಪಸ್ಮಾರದವು ಸಂಬಂಧ ತೋರಿದವು. ಅಲರ್ಜಿ ಮಾತ್ರೆ, ಹೊಟ್ಟೆ ನುಲಿತದ ಮಾತ್ರೆ ತೋರಲಿಲ್ಲ. 2018ರ ಇನ್ನೊಂದು ಬ್ರಿಟಿಷ್ ಅಧ್ಯಯನದಲ್ಲೂ ಹೆಚ್ಚುಕಡಿಮೆ ಹೀಗೇ ಬಂತು. ಅಲರ್ಜಿ ಮಾತ್ರೆ ನಿರ್ದೋಷಿ ಎಂದು ಇದರಿಂದಲೇ ತೀರ್ಮಾನಿಸುವಂತಿಲ್ಲ: ಅಂಗಡಿಯಿಂದ ನೇರ ಕೊಂಡದ್ದು ಈ ದಾಖಲೆಗಳಲ್ಲಿ ಬರುವುದೇ ಇಲ್ಲ.

ಇನ್ನು 1.5 ಪಟ್ಟು ಎಂಬ ಮಾತು. ಒಂದು ವಯಸ್ಸಿನ 100 ಜನರಲ್ಲಿ ಮುಂದಿನ ಕೆಲವು ವರ್ಷದಲ್ಲಿ 10 ಜನರಿಗೆ ಡಿಮೆನ್ಷಿಯಾ ಬರುವುದಿತ್ತು ಎಂದಿಟ್ಟುಕೊಳ್ಳಿ. 1.5 ಪಟ್ಟು ಎಂದರೆ 15. ಅಂದರೆ 85 ಜನರಿಗೆ ಆಗಲೂ ಬರುವುದಿಲ್ಲ, 10 ಜನರಿಗೆ ಮಾತ್ರೆ ಇಲ್ಲದಿದ್ದರೂ ಬರುತ್ತಿತ್ತು. ಮಾತ್ರೆಯ ಪಾಲು ಹೆಚ್ಚೆಂದರೆ ಆ ಐದು ಜನ, ಅದೂ ಮಾತ್ರೆಯೇ ಕಾರಣ ಎಂದು ಒಪ್ಪಿಕೊಂಡರೆ.

ಒಪ್ಪಿಕೊಳ್ಳುವುದು ಸುಲಭವಲ್ಲ, ಏಕೆಂದರೆ ಅಲ್ಝೈಮರ್ ಶುರುವಾಗುವುದು ಮರೆವು ಕಾಣಿಸುವುದಕ್ಕೆ 15-20 ವರ್ಷ ಮೊದಲು. ಆ ಮೌನದ ವರ್ಷಗಳಲ್ಲೇ ನಿದ್ರೆ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ. ಅದಕ್ಕೆ ಮಾತ್ರೆ ಶುರುವಾಗುತ್ತದೆ. ಐದು ವರ್ಷದ ಮೇಲೆ ಮರೆವು ಬಯಲಾದಾಗ ಬೆರಳು ತೋರಿಸುವುದು ಮಾತ್ರೆಯತ್ತ. ಹೊಗೆ ಕಂಡು ನೀರು ಹಾಕಲು ಬಂದವನನ್ನೇ ಬೆಂಕಿ ಇಟ್ಟವನೆಂದು ಹಿಡಿದಂತೆ. ಇದನ್ನು ತಪ್ಪಿಸಲು ಸಂಶೋಧಕರು ರೋಗ ಪತ್ತೆಯಾಗುವ ಹಿಂದಿನ ಕೆಲವು ವರ್ಷಗಳ ಔಷಧಿಯನ್ನು ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟ ಮೇಲೂ ಮೂತ್ರಕೋಶದ ಔಷಧಿಗಳ ಸಂಬಂಧ ಉಳಿಯುತ್ತದೆ. ನಮ್ಮ ಅಂದಾಜಿನಲ್ಲಿ ಅನುಮಾನಕ್ಕೆ ಗಟ್ಟಿ ಆಧಾರವಿರುವುದು ಅಲ್ಲೇ.

ನಿದ್ರೆ ಮಾತ್ರೆ: ಡಿಮೆನ್ಷಿಯಾಕ್ಕಿಂತ ಹತ್ತಿರದ ಅಪಾಯ

ಅಲ್‌ಪ್ರಜೋಲಾಮ್, ಲೊರಾಜಿಪಾಮ್, ಕ್ಲೊನಾಜಿಪಾಮ್, ಡಯಾಜಿಪಾಮ್ ಇವೆಲ್ಲ ಬೆಂಜೋಡಯಜೆಪಿನ್ ಗುಂಪಿನವು. 2014ರಲ್ಲಿ ಕೆನಡಾದ ಕ್ವಿಬೆಕ್ ದಾಖಲೆಗಳನ್ನು ಆಧರಿಸಿದ ಅಧ್ಯಯನ ಇವನ್ನು ಸೇವಿಸಿದವರಲ್ಲಿ ಅಲ್ಝೈಮರ್ ಸಂಭವ 1.51 ಪಟ್ಟು, 180 ದಿನಕ್ಕಿಂತ ಹೆಚ್ಚು ಸೇವಿಸಿದವರಲ್ಲಿ 1.84 ಪಟ್ಟು ಎಂದಿತು. ಎರಡು ವರ್ಷದ ನಂತರ ಸಿಯಾಟಲ್ ತಂಡ ತನ್ನ ಅದೇ 3,434 ಜನರಲ್ಲಿ ನೋಡಿತು. ಸ್ವಲ್ಪ ಸೇವಿಸಿದವರಲ್ಲಿ ಅಪಾಯ ತುಸು ಹೆಚ್ಚು ಕಂಡಿತೇ ಹೊರತು, ಅತಿ ಹೆಚ್ಚು ಸೇವಿಸಿದವರಲ್ಲಿ ಕಾಣಲಿಲ್ಲ. ವಿಷವಾದರೆ ಹೆಚ್ಚು ಕುಡಿದವರಿಗೆ ಹೆಚ್ಚು ತಾಗಬೇಕು. ಇಲ್ಲಿ ತಲೆಕೆಳಗಾಗಿದೆ ಎಂದರೆ, ರೋಗದ ಮೊದಲ ಗುರುತಾದ ನಿದ್ರೆಗೇಡಿಗೆ ಮಾತ್ರೆ ಹೋಗಿರುವ ಸಾಧ್ಯತೆಯೇ ಹೆಚ್ಚು.

ಹಾಗಾದರೆ ನಿರಾತಂಕವೇ? ಅಲ್ಲ. ಡಿಮೆನ್ಷಿಯಾ ಬರುವವರೆಗೆ ಕಾಯಬೇಕಿಲ್ಲ, ರಾತ್ರಿ ಎರಡಕ್ಕೆ ಮೂತ್ರಕ್ಕೆಂದು ಎದ್ದಾಗ ತೂರಾಡಿ ಬಿದ್ದು ಸೊಂಟದ ಮೂಳೆ ಮುರಿಯುವುದು ಅದಕ್ಕಿಂತ ಮೊದಲೇ ಆಗುತ್ತದೆ. ಹೊಸದನ್ನು ನೆನಪಿಟ್ಟುಕೊಳ್ಳುವ ಶಕ್ತಿಯನ್ನು ಈ ಮಾತ್ರೆಗಳು ಅವತ್ತಿಗವತ್ತೇ ಕುಗ್ಗಿಸುತ್ತವೆ. ಝೋಲ್ಪಿಡೆಮ್‌ನಂಥವು ಬೇರೆ ಗುಂಪೆಂದು ಹೇಳಿದರೂ ಕೆಲಸ ಅದೇ ಜಾಗದಲ್ಲಿ. ಬೆಳಗ್ಗೆಯೂ ರಕ್ತದಲ್ಲಿ ಉಳಿದು ವಾಹನ ಓಡಿಸುವುದೇ ಅಪಾಯವಾಗುತ್ತಿದೆ ಎಂದು 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೆಂಗಸರಿಗೆ ಇದರ ಡೋಸನ್ನು 10ರಿಂದ 5 ಮಿ.ಗ್ರಾಂಗೆ ಇಳಿಸಿತು.

ಸುಮ್ಮನೆ ಬೈಸಿಕೊಂಡವು, ಮರೆತುಹೋದವು

ಗ್ಯಾಸ್ಟ್ರಿಕ್‌ಗೆ ಕೊಡುವ ಒಮೆಪ್ರಝೋಲ್, ಪ್ಯಾಂಟೊಪ್ರಝೋಲ್ ಗುಂಪಿನ ಬಗ್ಗೆ 2016ರಲ್ಲಿ ಜರ್ಮನಿಯ ವಿಮಾ ದಾಖಲೆಗಳಿಂದ 1.44 ಪಟ್ಟು ಎಂಬ ಅಂಕಿ ಬಂದು ದೊಡ್ಡ ಗದ್ದಲವಾಯಿತು. ಆದರೆ 2019ರಲ್ಲಿ ಪ್ರಕಟವಾದ, ಚೀಟಿ ಎತ್ತಿದಂತೆ ಗುಂಪು ಮಾಡಿ 17,598 ಹೃದ್ರೋಗಿಗಳಿಗೆ ಪ್ಯಾಂಟೊಪ್ರಝೋಲ್ ಅಥವಾ ಹುಸಿ ಮಾತ್ರೆ ಕೊಟ್ಟು ಸುಮಾರು ಮೂರು ವರ್ಷ ನೋಡಿದ ಪ್ರಯೋಗದಲ್ಲಿ ಡಿಮೆನ್ಷಿಯಾದಲ್ಲಿ ವ್ಯತ್ಯಾಸವಿರಲಿಲ್ಲ. ಕರುಳಿನ ಸೋಂಕು ಮಾತ್ರ ತುಸು ಹೆಚ್ಚಿತ್ತು. ಮೂರು ವರ್ಷ ಚಿಕ್ಕ ಅವಧಿ, ನಿಜ. ಆದರೂ ಹತ್ತು ವರ್ಷದಿಂದ ಈ ಮಾತ್ರೆ ತಿನ್ನುತ್ತಿರುವವರು ಕೇಳಬೇಕಾದದ್ದು ಬೇರೆ: ಬಿ12 ಎಷ್ಟಿದೆ? ಹೊಟ್ಟೆಯ ಆಮ್ಲ ಕಡಿಮೆಯಾದರೆ ಆಹಾರದಿಂದ ಬಿ12 ಬಿಡುಗಡೆಯಾಗುವುದಿಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ ಬಿ12 ಇಳಿಸುತ್ತದೆ. ಎರಡನ್ನೂ ತೆಗೆದುಕೊಳ್ಳುತ್ತ ಸೊಪ್ಪು, ಕಾಳು, ಧಾನ್ಯ ಮಾತ್ರ ತಿನ್ನುವವರಲ್ಲಿ ಬಿ12 ಕೊರತೆಯ ಮರೆವನ್ನು ಅಲ್ಝೈಮರ್ ಎಂದುಕೊಳ್ಳುವ ಅಪಾಯ ಹೆಚ್ಚು. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುವ ವಿಷಯ ಇದು.

ಕೊಲೆಸ್ಟರಾಲ್‌ನ ಸ್ಟ್ಯಾಟಿನ್‌ಗಳು ಡಿಮೆನ್ಷಿಯಾ ತರುತ್ತವೆ ಎಂಬುದಕ್ಕೆ ದೊಡ್ಡ ಪ್ರಯೋಗಗಳಲ್ಲಿ ಆಧಾರ ಸಿಕ್ಕಿಲ್ಲ. ಅಪರೂಪಕ್ಕೆ ಕೆಲವರಿಗೆ ಮಂಕು ಎನಿಸುವುದುಂಟು, ನಿಲ್ಲಿಸಿದರೆ ಹೋಗುತ್ತದೆ. ರಕ್ತದೊತ್ತಡದ ಮಾತ್ರೆಯಂತೂ ಮೆದುಳನ್ನು ಕಾಯುವಂಥದ್ದು. 2019ರಲ್ಲಿ ಪ್ರಕಟವಾದ 9,361 ಜನರ ಪ್ರಯೋಗದಲ್ಲಿ ಮೇಲಿನ ಒತ್ತಡವನ್ನು 140ರ ಬದಲು 120ರ ಕೆಳಗೆ ಇಳಿಸುವ ಗುರಿ ಇಟ್ಟವರಲ್ಲಿ, ಡಿಮೆನ್ಷಿಯಾದ ಹಿಂದಿನ ಹಂತದ ಅರಿವಿನ ಕುಂದು 19% ಕಡಿಮೆ ಕಂಡಿತು. ಮರೆವಿಗೆ ಹೆದರಿ ಬಿಪಿ ಮಾತ್ರೆ ಬಿಟ್ಟವರು ಮರೆವಿನ ದಾರಿಯನ್ನೇ ಹತ್ತಿರ ಮಾಡಿಕೊಂಡಂತೆ.

ಅಷ್ಟಾಗಿ ಯಾರೂ ಮಾತಾಡದ ಒಂದು ಅಪಾಯ ಸಕ್ಕರೆ ಅತಿಯಾಗಿ ಇಳಿಯುವುದು. ಟೈಪ್ 2 ಮಧುಮೇಹದ 16,667 ಹಿರಿಯರನ್ನು ನೋಡಿದ 2009ರ ಅಧ್ಯಯನದಲ್ಲಿ, ಆಸ್ಪತ್ರೆ ಸೇರುವಷ್ಟು ಸಕ್ಕರೆ ಇಳಿದದ್ದು ಒಮ್ಮೆಯಾಗಿದ್ದರೆ ಡಿಮೆನ್ಷಿಯಾ ಅಪಾಯ 1.26 ಪಟ್ಟು, ಎರಡು ಸಲವಾಗಿದ್ದರೆ 1.80, ಮೂರು ಅಥವಾ ಹೆಚ್ಚಾಗಿದ್ದರೆ 1.94. ಇಲ್ಲಿ ಏಣಿಯ ಮೆಟ್ಟಿಲಿನಂತೆ ಏರಿಕೆ ಕಾಣುತ್ತದೆ. ಹೆಚ್ಚು ಹೊತ್ತು ಕೆಲಸ ಮಾಡುವ ಗ್ಲಿಬೆನ್‌ಕ್ಲಮೈಡ್, ಊಟ ಸರಿಯಾಗಿ ಮಾಡದ ದಿನವೂ ತೆಗೆದುಕೊಂಡ ಇನ್ಸುಲಿನ್ ಇದಕ್ಕೆ ಕಾರಣವಾಗುವವು. ಹಲವು ಕಾಯಿಲೆಗಳಿರುವ, ನೆನಪು ಕುಂದಿರುವ ಹಿರಿಯರಿಗೆ ಮೂರು ತಿಂಗಳ ಸರಾಸರಿ ಸಕ್ಕರೆಯ ಎಚ್‌ಬಿಎ1ಸಿ ಅಂಕಿ 8ರ ಆಸುಪಾಸಿನಲ್ಲಿದ್ದರೂ ಸಾಕು. 6.5ಕ್ಕೆ ತರಬೇಕೆಂಬ ಹಟ ಬೇಡ.

ಹಾರ್ಮೋನು ಮಾತ್ರೆಯ ವಿಷಯದಲ್ಲಿ ಮಾತ್ರ ಸಾಕ್ಷಿ ನೇರವಾಗಿದೆ, ಏಕೆಂದರೆ ಅದು ಪ್ರಯೋಗದಿಂದಲೇ ಬಂದದ್ದು. 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 65 ದಾಟಿದ ಮೇಲೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ ಶುರು ಮಾಡಿದ ಹೆಂಗಸರಲ್ಲಿ 40 ಜನರಿಗೆ, ಹುಸಿ ಮಾತ್ರೆಯವರಲ್ಲಿ 21 ಜನರಿಗೆ ಡಿಮೆನ್ಷಿಯಾ ಬಂತು. ಮುಟ್ಟು ನಿಲ್ಲುವ ಹೊತ್ತಿಗೆ, ಐವತ್ತರ ಹರೆಯದಲ್ಲಿ ಸ್ವಲ್ಪ ಕಾಲ ತೆಗೆದುಕೊಂಡವರಿಗೆ ಈ ಅಂಕಿ ಹೊಂದುವುದಿಲ್ಲ.

ಮಾತ್ರೆಗೊಂದು ಮಾತ್ರೆ

ಡಬ್ಬಿ ತುಂಬುವುದು ಹೀಗೆ: ಒಂದರ ಅಡ್ಡ ಪರಿಣಾಮವನ್ನು ಹೊಸ ಕಾಯಿಲೆ ಎಂದುಕೊಂಡು ಇನ್ನೊಂದು ಶುರು ಮಾಡುವುದು. ಅಮ್ಲೋಡಿಪಿನ್‌ನಿಂದ ಕಾಲು ಊದಿತು, ಊತಕ್ಕೆ ಫ್ಯುರೋಸೆಮೈಡ್ ಬಂತು, ಅದರಿಂದ ಮೂತ್ರದ ಅವಸರ ಹೆಚ್ಚಾಯಿತು, ಅವಸರಕ್ಕೆ ಆಕ್ಸಿಬ್ಯುಟಿನಿನ್ ಬಂತು, ಅದರಿಂದ ಮರೆವು. ಮರೆವಿಗೆ ಡೊನೆಪೆಜಿಲ್ ಬಂತೋ, ಅದು ಮೂತ್ರಕೋಶವನ್ನು ಇನ್ನಷ್ಟು ಹಿಂಡುತ್ತದೆ. ಡೊನೆಪೆಜಿಲ್ ಮತ್ತು ಆಕ್ಸಿಬ್ಯುಟಿನಿನ್ ಒಂದೇ ಡಬ್ಬಿಯಲ್ಲಿದ್ದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ: ಒಂದು ಅಸಿಟೈಲ್‌ಕೋಲಿನ್ ಉಳಿಸಲು ನೋಡುತ್ತದೆ, ಇನ್ನೊಂದು ಅದಕ್ಕೆ ಜಾಗವನ್ನೇ ಕೊಡುವುದಿಲ್ಲ. ಇಡೀ ಸರಪಳಿ ಬಿಚ್ಚಬೇಕಾದದ್ದು ಮೊದಲ ಕೊಂಡಿಯಲ್ಲಿ, ಅಂದರೆ ಅಮ್ಲೋಡಿಪಿನ್ ಬದಲಿಗೆ ಬೇರೆ ಬಿಪಿ ಮಾತ್ರೆ ಕೊಡುವುದರಲ್ಲಿ.

ವಾಂತಿಗೆಂದು ತಿಂಗಳುಗಟ್ಟಲೆ ಕೊಟ್ಟ ಮೆಟೊಕ್ಲೊಪ್ರಮೈಡ್‌ನಿಂದ ಕೈ ನಡುಗತೊಡಗಿ, ಅದನ್ನು ಪಾರ್ಕಿನ್‌ಸನ್ ಎಂದುಕೊಂಡು ಟ್ರೈಹೆಕ್ಸಿಫೆನಿಡಿಲ್ ಶುರುವಾಗುವುದೂ ಇದೇ ಜಾತಿಯದು.

ಡಬ್ಬಿ ತೆರೆದು ನೋಡುವುದು ಹೇಗೆ

ಚೀಟಿಗಳನ್ನಲ್ಲ, ಮಾತ್ರೆಗಳನ್ನೇ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಕಣ್ಣಿನ ಹನಿ, ಮುಲಾಮು, ಸಿರಪ್, ತಾವೇ ಕೊಂಡ ನೆಗಡಿ ಮಾತ್ರೆ, ಗಿಡಮೂಲಿಕೆ ಪುಡಿ, ಪಕ್ಕದವರು ಕೊಟ್ಟದ್ದು, ಎಲ್ಲವೂ ಅದರಲ್ಲಿರಲಿ. ಚೀಟಿಯಲ್ಲಿರುವುದಕ್ಕೂ ನುಂಗುತ್ತಿರುವುದಕ್ಕೂ ಅಂತರವಿರುವುದು ಗೊತ್ತಾಗುವುದು ಆಗಲೇ. ಒಂದೇ ಔಷಧಿ ಎರಡು ಬ್ರ್ಯಾಂಡ್ ಹೆಸರಿನಲ್ಲಿ ಎರಡು ಸಲ ಹೋಗುತ್ತಿರುವುದೂ ಆಗಲೇ ಸಿಕ್ಕಿಬೀಳುತ್ತದೆ. ಬ್ರ್ಯಾಂಡ್ ಕೆಳಗೆ ಸಣ್ಣದಾಗಿ ಬರೆದ ಮೂಲ ಔಷಧಿಯ ಹೆಸರು ಓದಿ. ಪ್ರತಿಯೊಂದರ ಮುಂದೆ ಮೂರು ವಿಷಯ ಬರೆದುಕೊಳ್ಳಿ: ಯಾವುದಕ್ಕೆ, ಯಾವಾಗಿನಿಂದ, ಇದರಿಂದ ಉಪಯೋಗ ಕಾಣುತ್ತಿದೆಯೇ. "ಯಾವುದಕ್ಕೆ" ಎಂಬಲ್ಲಿ ಖಾಲಿ ಬಿದ್ದ ಮಾತ್ರೆಯಿಂದ ಮಾತು ಶುರು ಮಾಡಿ.

ವೈದ್ಯರ ಬಳಿ ಕೇಳಬೇಕಾದದ್ದು "ಇದನ್ನು ನಿಲ್ಲಿಸಲೇ" ಎಂದಲ್ಲ, "ಇದರ ಬದಲಿಗೆ ಏನಿದೆ" ಎಂದು. ಮೂತ್ರದ ಅವಸರಕ್ಕೆ ಮೊದಲು ಹೊತ್ತು ನೋಡಿ ಹೋಗುವ ಅಭ್ಯಾಸ, ಸಂಜೆಯ ನೀರು ಮಿತಿ, ಮೂತ್ರ ಹಿಡಿದಿಡುವ ಸ್ನಾಯುಗಳ ವ್ಯಾಯಾಮ. ಔಷಧಿಯೇ ಬೇಕಾದರೆ ಆಂಟಿಕೋಲಿನರ್ಜಿಕ್ ಅಲ್ಲದ ಮಿರಾಬೆಗ್ರಾನ್ ಇದೆ, ಬಿಪಿ ಏರಬಹುದಾದ್ದರಿಂದ ಅದನ್ನು ನೋಡಿಕೊಳ್ಳಬೇಕು. ಆಂಟಿಕೋಲಿನರ್ಜಿಕ್ ಗುಂಪಿನಲ್ಲೇ ಟ್ರಾಸ್ಪಿಯಮ್ ಮೆದುಳಿನೊಳಗೆ ಕಡಿಮೆ ಹೋಗುತ್ತದೆ. ಅಲರ್ಜಿಗೆ ಕ್ಲೋರ್‌ಫೆನಿರಮಿನ್ ಬದಲು ಫೆಕ್ಸೊಫೆನಡಿನ್ ಅಥವಾ ಲೊರಾಟಡಿನ್. ಖಿನ್ನತೆಗೆ ಪ್ಯಾರಾಕ್ಸೆಟಿನ್ ಬದಲು ಸರ್ಟ್ರಲಿನ್. ನಿದ್ರೆಗೆ ಹಗಲು ಮಲಗುವುದನ್ನು ಕಡಿತಗೊಳಿಸಿ, ಏಳುವ ಹೊತ್ತು ನಿಗದಿ ಮಾಡಿ, ಹಾಸಿಗೆಯನ್ನು ನಿದ್ರೆಗಷ್ಟೇ ಮೀಸಲಿಡುವ ಅರಿವಿನ ಚಿಕಿತ್ಸೆ.

ಇಳಿಸುವಾಗ ಆಗುವ ತಪ್ಪುಗಳು

ಒಂದು ಸಲಕ್ಕೆ ಒಂದೇ ಔಷಧಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಯಾವುದರಿಂದ ಎಂದು ತಿಳಿಯುವುದಿಲ್ಲ.

ಬೆಂಜೋಡಯಜೆಪಿನ್‌ಗಳನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ಸಾಮಾನ್ಯ ಗತಿ ಎಂದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ 5ರಿಂದ 10%. ಮನೆಗಳಲ್ಲಿ ನಡೆಯುವುದು ಬೇರೆಯೇ. ಮಾತ್ರೆಯನ್ನು ಎರಡು ತುಂಡು ಮಾಡಿ "ನಿಧಾನಕ್ಕೆ ಬಿಡುತ್ತಿದ್ದೇನೆ" ಎನ್ನುತ್ತಾರೆ, ಆದರೆ ಅದು ಒಂದೇ ರಾತ್ರಿಗೆ 50%. ಮೂರನೇ ದಿನ ನಿದ್ರೆ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ. "ನನಗೆ ಇದಿಲ್ಲದೆ ಆಗುವುದಿಲ್ಲ" ಎಂದು ಮತ್ತೆ ಪೂರ್ತಿ ಶುರು. ಕಡಿಮೆ ಶಕ್ತಿಯ ಮಾತ್ರೆಗೆ ಅಥವಾ ದ್ರವ ರೂಪಕ್ಕೆ ಬದಲಿಸಿಕೊಂಡು ಇಳಿಸುವುದು ಇದಕ್ಕಾಗಿಯೇ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನಂತೂ ತುಂಡು ಮಾಡಲೇಬಾರದು, ಇಡೀ ಡೋಸ್ ಒಮ್ಮೆಲೇ ರಕ್ತಕ್ಕೆ ಸುರಿಯುತ್ತದೆ. ಕೆನಡಾದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ವರ್ಷಗಳಿಂದ ಸೇವಿಸುತ್ತಿದ್ದ ಹಿರಿಯರಿಗೆ ಅಪಾಯವನ್ನೂ ಹಂತ ಹಂತವಾಗಿ ಇಳಿಸುವ ಚಿತ್ರಪಟವನ್ನೂ ವಿವರಿಸಿದ ಪುಸ್ತಿಕೆಯನ್ನಷ್ಟೇ ಕೊಟ್ಟರು. ಆರು ತಿಂಗಳಲ್ಲಿ 27% ಜನ ಪೂರ್ತಿ ಬಿಟ್ಟಿದ್ದರು. ಪುಸ್ತಿಕೆ ಸಿಗದವರಲ್ಲಿ 5%.

ಅಮಿಟ್ರಿಪ್ಟಿಲಿನ್ ದೊಡ್ಡ ಡೋಸಿನಲ್ಲಿದ್ದರೆ ವಾರಗಳ ಮೇಲೆ ಇಳಿಸಬೇಕು, ಇಲ್ಲವಾದರೆ ವಾಕರಿಕೆ, ಬೆವರು, ನಿದ್ರೆಗೇಡು. ಟ್ರೈಹೆಕ್ಸಿಫೆನಿಡಿಲ್ ಥಟ್ಟನೆ ನಿಂತರೆ ಮೈ ಬಿಗಿತ ಒಮ್ಮೆಲೇ ಹೆಚ್ಚುತ್ತದೆ. ಗ್ಯಾಸ್ಟ್ರಿಕ್ ಮಾತ್ರೆ ನಿಲ್ಲಿಸಿದ ಮೇಲೆ ಕೆಲವು ವಾರ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕುತ್ತದೆ, ಕಾಯಿಲೆ ಮರಳಿತೆಂದು ಹೆದರಬೇಕಿಲ್ಲ. ಆದರೆ ಹಿಂದೆ ಹುಣ್ಣಾಗಿ ರಕ್ತ ಹೋಗಿದ್ದವರು, ಈಗ ಆಸ್ಪಿರಿನ್ ಅಥವಾ ರಕ್ತ ತೆಳು ಮಾಡುವ ಔಷಧಿಯಲ್ಲಿರುವವರು ಅದನ್ನು ಬಿಡಬಾರದು. ಫಿಟ್ಸ್ ಮಾತ್ರೆ, ಸ್ಟೀರಾಯ್ಡ್, ಹೃದಯದ ಮಾತ್ರೆ ಮನೆಯಲ್ಲಿ ಕೂತು ನಿರ್ಧರಿಸುವಂಥವಲ್ಲವೇ ಅಲ್ಲ.

ಡಿಮೆನ್ಷಿಯಾ ಈಗಾಗಲೇ ಇದ್ದು, ಕೂಗಾಟ, ಹೊಡೆದಾಟಕ್ಕೆಂದು ರಿಸ್ಪೆರಿಡೋನ್, ಓಲಾಂಝಪಿನ್ ಕೊಡುತ್ತಿರುವ ಮನೆಗಳು ಒಂದು ಅಂಕಿ ತಿಳಿದಿರಬೇಕು. ಸುಮಾರು ಹತ್ತು ವಾರದ ಪ್ರಯೋಗಗಳಲ್ಲಿ ಇವನ್ನು ತೆಗೆದುಕೊಂಡ ಡಿಮೆನ್ಷಿಯಾ ರೋಗಿಗಳ ಸಾವು 4.5%, ಹುಸಿ ಮಾತ್ರೆಯವರಲ್ಲಿ 2.6%. 2005ರಿಂದ ಅಮೆರಿಕದಲ್ಲಿ ಇವುಗಳ ಮೇಲೆ ಕಟ್ಟೆಚ್ಚರಿಕೆ ಮುದ್ರಿಸುತ್ತಾರೆ. ಕೂಗಾಟದ ಹಿಂದೆ ಮಲಬದ್ಧತೆ, ಹಲ್ಲುನೋವು, ಮೂತ್ರದ ಸೋಂಕು ಇದೆಯೇ ಎಂದು ಮೊದಲು ನೋಡಬೇಕು. ಕೊಡಲೇಬೇಕಾದರೆ ಕಡಿಮೆ ಡೋಸ್, ನಿಲ್ಲಿಸುವ ದಿನವನ್ನು ಶುರುವಿನಲ್ಲೇ ಬರೆದಿಟ್ಟು.

ಇಳಿಸುವ ಮೊದಲು ನೆನಪಿನ ಪರೀಕ್ಷೆಯೊಂದನ್ನು ಮಾಡಿಸಿ ಅಂಕ ಬರೆದಿಡಿ. ಮೋಕಾ ಎಂಬ 30 ಅಂಕದ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಆಂಟಿಕೋಲಿನರ್ಜಿಕ್ ಮಂಕು ದಿನಗಳಿಂದ ಕೆಲವು ವಾರಗಳಲ್ಲಿ ತಿಳಿಯಾಗುತ್ತದೆ. ಮೊದಲು ಬಾಯಿ, ಹೊಟ್ಟೆ ಸರಿಯಾಗುತ್ತವೆ, ಆಮೇಲೆ ತಲೆ. ನಿದ್ರೆ ಮಾತ್ರೆಯದಕ್ಕೆ ತಿಂಗಳುಗಳು ಬೇಕಾಗಬಹುದು. ಎರಡು ಮೂರು ತಿಂಗಳ ಮೇಲೆ ಅದೇ ಪರೀಕ್ಷೆ ಮತ್ತೆ ಮಾಡಿಸಿ. ಅಂಕ ಅಲ್ಲೇ ನಿಂತಿದ್ದರೆ ಅಥವಾ ಇನ್ನೂ ಇಳಿದಿದ್ದರೆ ಮಾತ್ರೆಯನ್ನು ಬೈಯುತ್ತ ಕೂರದೆ ಬಿ12, ಥೈರಾಯ್ಡ್, ಸೋಡಿಯಂ, ಕಿವಿ ಪರೀಕ್ಷೆ, ಮೆದುಳಿನ ಸ್ಕ್ಯಾನ್ ಕಡೆಗೆ ಹೋಗಬೇಕು.